ಬಾಯಿಗೆ ಬೀಗ ಬೇಡ, ಭಂಡಾರಕ್ಕೆ ಲೆಕ್ಕ ಬೇಕು

(ಮೈಸೂರಿನಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನೀವೆಲ್ಲ ಬೆಲೆಯ ಮಾತು, ಸಾಲದ ಮಾತು ಕೇಳೋಣ ಅಂತ ಬಂದವರು. ಬೆಳಿಗ್ಗೆ ಬಂಡೀಪಾಳ್ಯದ ಮಾರುಕಟ್ಟೆಗೆ ಮಾಲು ಹಾಕಿ ಅಲ್ಲಿಂದ ನೇರ ಇಲ್ಲಿಗೆ ಬಂದವರೂ ಇದ್ದೀರಿ. ನಾನು ಈ ಹೊತ್ತು ಎತ್ತಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಬೇರೆ ಥರದ್ದು. ಸ್ವಾಮಿಗಳು ಆಡುವ ರಾಜಕೀಯದ ಮಾತು, ಮತ್ತು ಮಠ ಮಂದಿರಗಳಿಗೆ ಸರ್ಕಾರ ಕೊಟ್ಟಿರುವ ತೆರಿಗೆ ವಿನಾಯಿತಿ. ಊರಿಂದ ಹೊರಡುವಾಗಲೇ ಇಬ್ಬರು ಹಿರಿಯರು ನನ್ನನ್ನ ತಡೆದು, "ಬೇರೆ ಏನಾದರೂ ಮಾತಾಡಪ್ಪಾ, ಬುದ್ಧಿಯೋರ ವಿಷಯ ಯಾಕೆ?" ಅಂದರು. ಅವರ ಮೇಲಿನ ಗೌರವ ಇಟ್ಟುಕೊಂಡೇ ಈ ಮಾತು ಎತ್ತುತ್ತಾ ಇದ್ದೀನಿ. ಯಾಕೆಂದರೆ ಇದೂ ನಮ್ಮ ದುಡ್ಡಿನ ಮಾತೇ, ನಮ್ಮ ಸಾಲದ ಮಾತೇ.

ಮೊದಲು ನನ್ನ ಮನೆಯದೇ ಒಂದು ಸಂಗತಿ ಹೇಳಿಬಿಡ್ತೀನಿ. ಒಂದು ವರ್ಷ ನಮ್ಮ ಕೊಳವೆ ಬಾವಿ ಬತ್ತಿಹೋಗಿತ್ತು. ಸೊಸೈಟಿ ಸಾಲದ ಕಂತು ಕಟ್ಟಿರಲಿಲ್ಲ. ಅದೇ ವರ್ಷ ಒಂದು ಮಠದ ಸಮುದಾಯ ಭವನಕ್ಕೆ ಅಂತ ಊರ ಮೇಲೆ ಪಟ್ಟಿ ಬಂತು. ಮಾರಿಗುಡಿ ಮುಂದೆ ಜನ ಸೇರಿಸಿ, ಒಬ್ಬೊಬ್ಬರ ಹೆಸರೂ ಕೂಗಿ, ಯಾರು ಎಷ್ಟು ಅಂತ ಬರೆದುಕೊಂಡರು. ಎದುರಿನ ಮನೆಯವರು ಹತ್ತು ಸಾವಿರ ಬರೆಸಿದ ಮೇಲೆ ನಮ್ಮಪ್ಪ ಕಡಿಮೆ ಬರೆಸೋದು ಹೇಗೆ? ಹತ್ತು ಸಾವಿರ ಬರೆಸಿದರು. ಅಮ್ಮನ ಓಲೆ ಗಿರವಿಗೆ ಹೋಯಿತು. ಅದನ್ನ ಬಿಡಿಸಿಕೊಳ್ಳೋಕೆ ನಮಗೆ ಐದು ವರ್ಷ ಹಿಡೀತು.

ಭವನ ಎದ್ದಿತು, ಚೆನ್ನಾಗೇ ಎದ್ದಿತು. ಆಮೇಲೆ ಚುನಾವಣೆ ಬಂತು. ಅದೇ ಭವನದಲ್ಲಿ ಒಬ್ಬ ಅಭ್ಯರ್ಥಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮವರನ್ನ ನಾವೇ ಕೈಬಿಡಬಾರದು ಎಂಬ ಆಶೀರ್ವಚನ ಆಯಿತು. ಸಭೆ ಮುಗಿದ ಮೇಲೆ ಭವನ ಕಟ್ಟಿಸಿದ ಮುಖಂಡರೊಬ್ಬರನ್ನ ನಾನು ಕೇಳಿದೆ: "ಅಣ್ಣಾ, ಇದಕ್ಕೆ ಒಟ್ಟು ಎಷ್ಟು ಕೂಡಿತು, ಎಷ್ಟು ಖರ್ಚಾಯಿತು?" ಅವರು ನನ್ನ ಮುಖ ನೋಡಿ, "ಏನಯ್ಯಾ, ಗುರುಗಳ ಹತ್ರ ಲೆಕ್ಕ ಕೇಳ್ತೀಯಾ?" ಅಂದರು. ನಾನು ಸುಮ್ಮನಾದೆ. ಆ ಮಠ ಯಾವುದು, ಆ ಮುಖಂಡರು ಯಾರು ಅಂತ ಹೇಳೋದಿಲ್ಲ. ಹೆಸರು ಹೇಳಿದರೆ ಅದು ಒಂದು ಮಠದ ಮೇಲಿನ ದೂರಾಗುತ್ತೆ. ಇಂಥ ಮಾತು ಕೇಳಿಸಿಕೊಂಡು ಸುಮ್ಮನಾದವರು ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ. ಆ ದಿನ ನಾನು ಕೊಡಲಾರದೇ ಹೋದ ಉತ್ತರವನ್ನ ಇವತ್ತು ಕೊಡೋಕೆ ನಿಂತಿದ್ದೀನಿ.

ಮಠಗಳನ್ನ ಹಳಿಯೋಕೆ ನಾನು ಬಂದಿಲ್ಲ. ಮೈಸೂರು ಸೀಮೆಯಲ್ಲಿ ನಿಂತು ಹಾಗೆ ಮಾತಾಡಿದರೆ ಅದು ಕೃತಘ್ನತೆ. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠ ಕಟ್ಟಿದರು. ಹಳ್ಳಿ ಹುಡುಗರು ಈ ಪೇಟೆಗೆ ಬಂದು ಓದೋದಕ್ಕೆ ಅನ್ನ, ನೆಲೆ ಎರಡೂ ಸಿಕ್ಕಿದ್ದು ಇಂಥವರಿಂದ. ಸುತ್ತೂರು ಜಾತ್ರೆಯಲ್ಲಿ ಕೃಷಿ ಮೇಳ ನಡೀತದೆ, ಸಾಮೂಹಿಕ ವಿವಾಹ ನಡೀತದೆ. ಮಗಳ ಮದುವೆಗೆ ಸಾಲ ಮಾಡದೇ ಉಳಿದ ಸಂಸಾರಗಳು ಎಷ್ಟೋ ಇವೆ. ತುಮಕೂರಿನ ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದ ಮಕ್ಕಳು ನಾಡಿನ ತುಂಬ ಇದ್ದಾರೆ. ಸರ್ಕಾರ ಮಾಡಬೇಕಾಗಿದ್ದ ಕೆಲಸವನ್ನ ಇವರು ಮಾಡಿದರು. ಈ ಕೆಲಸಕ್ಕೆ ತೆರಿಗೆ ಬೇಡ ಅಂದರೆ ನಾನು ಎರಡೂ ಕೈ ಎತ್ತಿ ಒಪ್ಪುತ್ತೀನಿ.

ಆದರೆ ಒಪ್ಪುವ ಮುಂಚೆ ವಿನಾಯಿತಿ ಅಂದರೆ ಏನು ಅಂತ ತಿಳಿದುಕೊಳ್ಳೋಣ. ಇದು ಹೊಸದಲ್ಲ. ನಮ್ಮ ಹಳೇ ಕಂದಾಯದ ಕಾಗದಗಳಲ್ಲಿ "ಸರ್ವಮಾನ್ಯ", "ಜೋಡಿ" ಎಂಬ ಮಾತುಗಳನ್ನ ನಿಮ್ಮ ತಾತಂದಿರು ನೋಡಿದ್ದಾರೆ. ಸರ್ವಮಾನ್ಯ ಅಂದರೆ ಕಂದಾಯವೇ ಇಲ್ಲದ ಇನಾಂ ಭೂಮಿ. ಜೋಡಿ ಅಂದರೆ ಹೆಸರಿಗೆ ಒಂದಿಷ್ಟು ಕಟ್ಟಿದರೆ ಸಾಕು. ರಾಜರು ದೇವಸ್ಥಾನಕ್ಕೆ, ಮಠಕ್ಕೆ ಹೀಗೆ ಊರೂರನ್ನೇ ಬಿಟ್ಟುಕೊಟ್ಟರು. ಅರಮನೆ ಕಂದಾಯ ಬಿಟ್ಟಿತು, ಸರಿ. ಆದರೆ ಉಳುವವನಿಗೆ ಯಾರು ಬಿಟ್ಟರು? ಅವನು ಅರಮನೆಗೆ ಕೊಡೋದನ್ನ ಇನಾಂದಾರನಿಗೆ ಅಳೆದ, ಅಷ್ಟೆ. 1954 ಮತ್ತು 1955ರ ಇನಾಂ ರದ್ದತಿ ಕಾಯಿದೆಗಳು ಹಳೇ ಮೈಸೂರಿನಲ್ಲಿ ಆ ಪದ್ಧತಿಯನ್ನ ತೆಗೆದವು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಬಂತು, ನಮೂನೆ 7 ತುಂಬಿ ಗೇಣಿದಾರ ಒಡೆಯನಾದ. ಮಠದ, ಗುಡಿಯ ಜಮೀನು ಉಳುತ್ತಿದ್ದವರೂ ಅದರಲ್ಲಿ ಇದ್ದರು. ಇಲ್ಲಿ ಕೂತಿರುವ ಎಷ್ಟೋ ಜನರ ಪಹಣಿಯ ಮೂಲ ಅದೇ. ಒಬ್ಬನಿಗೆ ಬಿಟ್ಟ ತೆರಿಗೆ ಇನ್ನೊಬ್ಬನ ಹೆಗಲಿಗೆ ಬರುತ್ತೆ ಅಂತ ನಮಗೆ ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ.

ಈಗಿನ ಸರ್ವಮಾನ್ಯದ ಹೆಸರು ಆದಾಯ ತೆರಿಗೆ ವಿನಾಯಿತಿ. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಧಾರ್ಮಿಕ ಮತ್ತು ಧರ್ಮಾರ್ಥ ಸಂಸ್ಥೆಗಳಿಗೆ ಇದನ್ನ ಕೊಟ್ಟರು. ಅದರ ಜಾಗಕ್ಕೆ 2025ರಲ್ಲಿ ಮಾಡಿದ ಹೊಸ ಕಾಯಿದೆಯೂ ಇದನ್ನ ಉಳಿಸಿಕೊಂಡಿದೆ. ಸಂಸ್ಥೆ ನೋಂದಾಯಿಸಿಕೊಳ್ಳಬೇಕು. ಬಂದ ಆದಾಯದಲ್ಲಿ ನೂರಕ್ಕೆ 85ರಷ್ಟನ್ನ ತನ್ನ ಉದ್ದೇಶಕ್ಕೆ ಖರ್ಚು ಮಾಡಬೇಕು, 15ರಷ್ಟನ್ನ ಇಟ್ಟುಕೊಳ್ಳಬಹುದು. ಹಾಗೆ ನಡೆದರೆ ತೆರಿಗೆ ಇಲ್ಲ. ಹುಂಡಿಗೆ ಬಿದ್ದ ಹೆಸರಿಲ್ಲದ ಕಾಣಿಕೆ ಇದೆಯಲ್ಲ, ಬರೀ ಶಾಲೆ ಆಸ್ಪತ್ರೆ ನಡೆಸುವ ಟ್ರಸ್ಟಿಗೆ ಅಂಥ ದುಡ್ಡು ಒಂದು ಮಿತಿ ಮೀರಿ ಬಂದರೆ ನೂರಕ್ಕೆ 30ರ ತೆರಿಗೆ ಬೀಳುತ್ತೆ. ಪೂರ್ತಿ ಧಾರ್ಮಿಕ ಸಂಸ್ಥೆಗೆ ಅದೂ ಇಲ್ಲ. ಪೇಟೆಯಲ್ಲಿ ನೋಡಿದರೆ, 1976ರ ಮಹಾನಗರಪಾಲಿಕೆ ಕಾಯಿದೆಯ ಪ್ರಕಾರ ಪೂಜೆಗೆಂದೇ ಮೀಸಲಿಟ್ಟ ಕಟ್ಟಡಕ್ಕೆ ಆಸ್ತಿ ತೆರಿಗೆ ಇಲ್ಲ. ಧಾರ್ಮಿಕ ಸ್ಥಳದ ಆವರಣದ ಕಲ್ಯಾಣ ಮಂಟಪದ ಬಾಡಿಗೆ ದಿನಕ್ಕೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ಜಿ.ಎಸ್.ಟಿ. ಇಲ್ಲ. ಇವೆಲ್ಲ ಗುಡಿಗೂ ಅಷ್ಟೇ, ಮಸೀದಿಗೂ ಅಷ್ಟೇ, ಇಗರ್ಜಿಗೂ ಅಷ್ಟೇ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಯಾವುದೋ ಸಂಸ್ಥೆಗೆ ವರ್ಷಕ್ಕೆ 1 ಕೋಟಿ ಆದಾಯ ಉಳಿಯಿತು ಅಂತ ಇಟ್ಟುಕೊಳ್ಳಿ. ವಿನಾಯಿತಿ ಇಲ್ಲದಿದ್ದರೆ ಅದು ಹತ್ತಿರ ಹತ್ತಿರ 30 ಲಕ್ಷ ತೆರಿಗೆ ಕಟ್ಟಬೇಕಾಗಿತ್ತು. ಆ 30 ಲಕ್ಷವನ್ನ ಬಿಟ್ಟುಕೊಟ್ಟದ್ದು ಖಜಾನೆ. ಖಜಾನೆ ಅಂದರೆ ದಿಲ್ಲಿಯಲ್ಲಿರುವ ಯಾರದೋ ಪೆಟ್ಟಿಗೆ ಅಲ್ಲ. ನಾವು ನೀವು ಸೇರಿ ತುಂಬಿದ್ದು. ಅಂದಮೇಲೆ ಪ್ರತಿ ವಿನಾಯಿತಿಯಲ್ಲೂ ನಾವು ಬರೆಸದೇ ಕೊಟ್ಟ ವಂತಿಗೆ ಒಂದು ಇದೆ. ಮಾರಿಗುಡಿ ಮುಂದೆ ಹೆಸರು ಕೂಗಿ ತೆಗೆದುಕೊಂಡದ್ದು ಕಣ್ಣಿಗೆ ಕಾಣಿಸಿತು. ಇದು ಕಾಣಿಸೋದಿಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿ ಪೇಟೆಯವರು ನಮ್ಮನ್ನ ಒಂದು ಮಾತು ಕೇಳ್ತಾರೆ. "ನೀವು ರೈತರೂ ಆದಾಯ ತೆರಿಗೆ ಕಟ್ಟೋದಿಲ್ಲವಲ್ಲ, ನಿಮಗೇನು ಹಕ್ಕು?" ಈ ಪ್ರಶ್ನೆಯಿಂದ ತಪ್ಪಿಸಿಕೊಂಡು ಓಡಬಾರದು. ಹೌದು, ಬೇಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ನಾವು ತೆರಿಗೆಯೇ ಕಟ್ಟೋದಿಲ್ಲ ಅನ್ನೋದು ಸುಳ್ಳು. ಔಷಧಿ ಅಂಗಡಿಯಲ್ಲಿ ಕೀಟನಾಶಕದ ಬಿಲ್ಲು ತೆಗೆದು ನೋಡಿ, ನೂರಕ್ಕೆ 18 ಜಿ.ಎಸ್.ಟಿ. ಇದೆ. ಗೊಬ್ಬರಕ್ಕೆ 5. ಸಿಮೆಂಟಿಗೆ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ 18 ಆಯಿತು. ಟ್ರ್ಯಾಕ್ಟರಿಗೆ 12 ಇದ್ದದ್ದು ಅದೇ ದಿನದಿಂದ 5 ಆಯಿತು. ಅಂಗಡಿಯವನು, ಕಾರ್ಖಾನೆಯವನು ತಾನು ಕೊಂಡಾಗ ಕಟ್ಟಿದ ತೆರಿಗೆಯನ್ನ ಮಾರುವಾಗ ಕಳೆದುಕೊಳ್ಳುತ್ತಾನೆ. ನಾವು ಮಾರುವ ಭತ್ತಕ್ಕೆ, ರಾಗಿಗೆ ತೆರಿಗೆ ಇಲ್ಲ. ಆದ್ದರಿಂದ ಕೊಂಡಾಗ ಕಟ್ಟಿದ್ದು ನಮಗೆ ವಾಪಸು ಬರೋ ದಾರಿಯೂ ಇಲ್ಲ. ಅದು ನೇರ ನಮ್ಮ ಬೇಸಾಯದ ಖರ್ಚಿಗೆ ಸೇರುತ್ತೆ, ಅಲ್ಲಿಂದ ಸಾಲಕ್ಕೆ ಸೇರುತ್ತೆ. ಸಾಮಾನ್ಯ ಭತ್ತಕ್ಕೆ 2025-26ರಲ್ಲಿ ಕ್ವಿಂಟಾಲಿಗೆ 2,369 ರೂಪಾಯಿ ಬೆಂಬಲ ಬೆಲೆ ಅಂತ ಗೊತ್ತು ಮಾಡಿದರು. ಆ ಬೆಲೆ ಕೈಗೆ ಸಿಗೋ ಮುಂಚೆಯೇ ತೆರಿಗೆ ಕೈಬಿಟ್ಟು ಹೋಗಿರುತ್ತೆ.

ಇನ್ನೊಂದು ಮಾತು. ನಮಗಿರುವ ವಿನಾಯಿತಿಗೆ ಲೆಕ್ಕ ಇಲ್ಲ ಅಂತೀರಾ? ನಮ್ಮ ಸರ್ವೆ ನಂಬರು, ಎಕರೆ ಗುಂಟೆ, ಬೆಳೆ, ಸಾಲದ ಬೋಜ ಎಲ್ಲವೂ ಪಹಣಿಯಲ್ಲಿ ಇದೆ. ಯಾರು ಬೇಕಾದರೂ ತೆಗೆದು ನೋಡಬಹುದು. ಬ್ಯಾಂಕಿನವರು ನಮ್ಮ ಬಾಕಿಯನ್ನ ಊರ ಚಾವಡಿಯಲ್ಲಿ ಹಚ್ಚಿದ ಕಾಲವನ್ನೂ ನಾವು ಕಂಡಿದ್ದೀವಿ. ಬಡವನ ಸಾಲ ಬಯಲಲ್ಲಿ ಇರಬಹುದು, ದೊಡ್ಡ ಸಂಸ್ಥೆಯ ಭಂಡಾರ ಮಾತ್ರ ಕತ್ತಲಲ್ಲಿ ಇರಬೇಕು ಅನ್ನೋದು ಯಾವ ನ್ಯಾಯ?

ಕತ್ತಲು ಅಂತ ಯಾಕೆ ಅಂದೆ ಅಂದರೆ, ಇಲ್ಲಿ ಎರಡು ಥರದ ದೇವರಿದ್ದಾರೆ. ಊರಿನ ಸಣ್ಣ ಗುಡಿ ಮುಜರಾಯಿಗೆ ಸೇರಿದ್ದಾದರೆ ಅದಕ್ಕೆ 1997ರ ಧಾರ್ಮಿಕ ದತ್ತಿ ಕಾಯಿದೆ ಇದೆ. ರಾಜ್ಯದಲ್ಲಿ ಅಂಥವು ಸುಮಾರು 34 ಸಾವಿರ. ವರ್ಷಕ್ಕೆ 25 ಲಕ್ಷ ದಾಟಿದ ಆದಾಯ ಇದ್ದರೆ ಎ ವರ್ಗ, 5ರಿಂದ 25 ಲಕ್ಷ ಬಿ ವರ್ಗ, ಅದಕ್ಕೂ ಕಡಿಮೆ ಇದ್ದರೆ ಸಿ ವರ್ಗ. ಬಹುಪಾಲು ಎಲ್ಲವೂ ಸಿ ವರ್ಗದವೇ, ದೀಪದ ಎಣ್ಣೆಗೆ ಪರದಾಡುವ ಗುಡಿಗಳು. ದೊಡ್ಡ ಗುಡಿಯ ಹುಂಡಿಯನ್ನ ಅಧಿಕಾರಿಗಳ ಎದುರಿಗೆ ಎಣಿಸುತ್ತಾರೆ, ನಂಜನಗೂಡಿನಲ್ಲಿ ಎಷ್ಟು ಬಂತು, ಚಾಮುಂಡಿಬೆಟ್ಟದಲ್ಲಿ ಎಷ್ಟು ಬಂತು ಅಂತ ಪತ್ರಿಕೆಯಲ್ಲಿ ಓದ್ತೀವಿ. ಮಸೀದಿ, ದರ್ಗಾಗಳ ವಕ್ಫ್ ಆಸ್ತಿಯಿಂದ ನಿವ್ವಳ ಆದಾಯದಲ್ಲಿ ನೂರಕ್ಕೆ 7ರಷ್ಟು ಮಂಡಳಿಗೆ ಹೋಗಬೇಕಾಗಿತ್ತು, 2025ರ ತಿದ್ದುಪಡಿ ಅದನ್ನ 5ಕ್ಕೆ ಇಳಿಸಿತು. ಆದರೆ ಮಠಗಳು ಈ 1997ರ ಕಾಯಿದೆಯ ಹೊರಗಿವೆ. ಅವು ಲೆಕ್ಕ ಬರೆಯೋದಿಲ್ಲ ಅಂತ ನಾನು ಹೇಳ್ತಾ ಇಲ್ಲ. ಬರೆದ ಲೆಕ್ಕ ಲೆಕ್ಕಪರಿಶೋಧಕರ ಕೈಯಿಂದ ತೆರಿಗೆ ಇಲಾಖೆಗೆ ಹೋಗುತ್ತೆ. ಕಾಣಿಕೆ ಕೊಟ್ಟ ಊರಿಗೆ ಬರೋದಿಲ್ಲ.

ಇದನ್ನ ಸರಿ ಮಾಡೋಕೆ ಹೋದಾಗಲೆಲ್ಲ ಏನಾಯಿತು ಅಂತಲೂ ನೋಡಿ. 2014ರಲ್ಲಿ ಮಠಗಳನ್ನೂ ಕಾಯಿದೆಯ ಒಳಕ್ಕೆ ತರುವ ಮಸೂದೆಯೊಂದನ್ನ ಸರ್ಕಾರ ಬೆಳಗಾವಿ ಅಧಿವೇಶನದಲ್ಲಿ ತಂದಿತು. ವಿರೋಧ ಎದ್ದಿತು, ಕೈಬಿಟ್ಟಿತು. 2024ರಲ್ಲಿ, 1 ಕೋಟಿಗೆ ಮೀರಿದ ಆದಾಯದ ದೇವಸ್ಥಾನಗಳಿಂದ ನೂರಕ್ಕೆ 10ನ್ನು, 10 ಲಕ್ಷದಿಂದ 1 ಕೋಟಿವರೆಗಿನವುಗಳಿಂದ 5ನ್ನು ಸಾಮಾನ್ಯ ನಿಧಿಗೆ ತೆಗೆದುಕೊಳ್ಳುವ ಮಸೂದೆ ಬಂತು. ಅದು ವಿಧಾನ ಪರಿಷತ್ತಿನಲ್ಲಿ ಒಮ್ಮೆ ಬಿದ್ದುಹೋಯಿತು. ಆ ಗಲಾಟೆ ಪೂರ್ತಿ ಗುಡಿಗಳ ಮೇಲೆ ನಡೆಯಿತು. ಮಠಗಳು ಆಗಲೂ ಹೊರಗೇ ಇದ್ದವು.

"ಮಠದ ಲೆಕ್ಕ ಕೇಳೋದು ಧರ್ಮದಲ್ಲಿ ಕೈ ಹಾಕಿದ ಹಾಗೆ" ಅಂತ ಹೇಳುವವರು ಇದ್ದಾರೆ. ಈ ಮಾತಿಗೆ ನಮ್ಮ ನಾಡಿನ ಮಠವೇ ಹೂಡಿದ ಮೊಕದ್ದಮೆಯಲ್ಲಿ ಉತ್ತರ ಇದೆ. ಉಡುಪಿಯ ಶಿರೂರು ಮಠದ ಸ್ವಾಮಿಗಳು ಮದ್ರಾಸು ಸರ್ಕಾರದ ಧರ್ಮದತ್ತಿ ಅಧಿಕಾರಿಯ ವಿರುದ್ಧ ಹೋರಾಡಿದರು. ಆಗ ಉಡುಪಿ ಮದ್ರಾಸಿಗೆ ಸೇರಿತ್ತು. ಆ ಮೊಕದ್ದಮೆಯ ಹಿನ್ನೆಲೆ ಕೇಳಿದರೆ ನಿಮಗೆ ನಿಮ್ಮದೇ ಮನೆಯ ಕಥೆ ಅನ್ನಿಸುತ್ತೆ. 1946ರ ಪರ್ಯಾಯದ ಸಮಯದಲ್ಲಿ ಪದಾರ್ಥಗಳ ಅಭಾವ, ಬೆಲೆ ಏರಿಕೆ. ಪರ್ಯಾಯದ ಖರ್ಚಿಗೆ ಮಠ ಸಾಲ ಮಾಡಿತು. ಸಾಲ ಹತ್ತಿರ ಹತ್ತಿರ 1 ಲಕ್ಷ ರೂಪಾಯಿಗೆ ಏರಿತು. ಸಾಲ ಏರಿದ ಮೇಲೆ ಸರ್ಕಾರದ ಮಂಡಳಿ ಒಳಗೆ ಬಂತು, ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಸಾಲ ಅನ್ನೋದು ರೈತನ ಮನೆಯ ಬಾಗಿಲನ್ನ ಮಾತ್ರ ತಟ್ಟುತ್ತೆ ಅಂತ ತಿಳಿಯಬೇಡಿ.

1954ರ ಮಾರ್ಚಿನಲ್ಲಿ ತೀರ್ಪು ಬಂತು. ಮೂರು ಮಾತು ಅದರಲ್ಲಿ ನಮಗೆ ಮುಖ್ಯ. ಒಂದು, ಪೂಜೆ ಹೇಗೆ, ಆಚಾರ ಏನು ಅನ್ನೋದು ಮಠದ್ದೇ, ಅದರಲ್ಲಿ ಸರ್ಕಾರ ತಲೆ ಹಾಕಬಾರದು. ಎರಡು, ಆಸ್ತಿಪಾಸ್ತಿಯ ಆಡಳಿತ ಕಾನೂನಿಗೆ ಒಳಪಟ್ಟದ್ದು, ಅದನ್ನ ಕಾನೂನು ಕಟ್ಟುಪಾಡಿಗೆ ತರಬಹುದು. ಮೂರು, ಸಂಸ್ಥೆಗಳ ಆದಾಯದಲ್ಲಿ ನೂರಕ್ಕೆ 5ರವರೆಗೆ ಸರ್ಕಾರ ಹಾಕಿದ್ದ ವಂತಿಗೆ ಶುಲ್ಕವಲ್ಲ, ತೆರಿಗೆ. ಶುಲ್ಕ ಅಂದರೆ ಅದಕ್ಕೆ ಪ್ರತಿಯಾಗಿ ಒಂದು ಸೇವೆ ಇರಬೇಕು. ಇಲ್ಲಿ ಅದು ಕಾಣಲಿಲ್ಲ, ಹಾಗಾಗಿ ಆ ವಂತಿಗೆ ಬಿತ್ತು. ಅಂದರೆ ಕೋರ್ಟು ಮಠವನ್ನ ಸರ್ಕಾರದ ಸುಲಿಗೆಯಿಂದ ಕಾಪಾಡಿತು, ಆದರೆ ಲೆಕ್ಕದಿಂದ ಬಿಡಿಸಲಿಲ್ಲ. ಮಂತ್ರ ಅವರದ್ದು, ಲೆಕ್ಕ ಎಲ್ಲರದ್ದು. ನಾವು ಕೇಳ್ತಾ ಇರೋದು ಅಷ್ಟೇ.

ಇನ್ನು ಮಾತಿನ ವಿಷಯಕ್ಕೆ ಬರ್ತೀನಿ. 2020ರ ಜನವರಿ 14ರಂದು ಹರಿಹರದ ಪಂಚಮಸಾಲಿ ಪೀಠದ ವೇದಿಕೆಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರ ಎದುರಿಗೇ ಸ್ವಾಮಿಗಳು ಒಬ್ಬ ಶಾಸಕರನ್ನ ಮಂತ್ರಿ ಮಾಡಬೇಕು, ಇಲ್ಲದಿದ್ದರೆ ಸಮಾಜ ನಿಮ್ಮ ಕೈಬಿಡುತ್ತೆ ಎಂಬ ಅರ್ಥದ ಮಾತಾಡಿದರು. ಮುಖ್ಯಮಂತ್ರಿ ಸಿಟ್ಟಾಗಿ ಎದ್ದರು. 2021ರ ಜುಲೈನಲ್ಲಿ ಅದೇ ಮುಖ್ಯಮಂತ್ರಿಯ ಕುರ್ಚಿ ಅಲ್ಲಾಡಿದಾಗ ಹತ್ತಾರು ಮಠಾಧೀಶರು ಬೆಂಗಳೂರಿನ ಅವರ ಅಧಿಕೃತ ನಿವಾಸಕ್ಕೇ ಹೋಗಿ ಬೆಂಬಲ ಹೇಳಿದರು. 2024ರ ಜೂನ್ 27ರಂದು ಬೆಂಗಳೂರಿನ ಕೆಂಪೇಗೌಡ ಜಯಂತಿಯಲ್ಲಿ, ವಿಶ್ವ ಒಕ್ಕಲಿಗರ ಮಹಾಸಂಸ್ಥಾನ ಮಠದ ಆಗಿನ ಸ್ವಾಮಿಗಳು ಸಿದ್ದರಾಮಯ್ಯನವರ ಎದುರಿಗೇ, ಕುರ್ಚಿಯನ್ನ ಡಿ.ಕೆ. ಶಿವಕುಮಾರರಿಗೆ ಬಿಟ್ಟುಕೊಡಿ ಅಂದರು. ಪಕ್ಷ ಬೇರೆ, ಜಾತಿ ಬೇರೆ, ಕೇಳಿದ್ದು ಒಂದೇ: ಕುರ್ಚಿ. ನನಗೆ ಬೇಜಾರಾದದ್ದು ಮಾತಾಡಿದರು ಅಂತ ಅಲ್ಲ. ಮುಖ್ಯಮಂತ್ರಿಯನ್ನ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಮಾತಾಡುವ ಶಕ್ತಿ ಇದ್ದ ಆ ಗಳಿಗೆಯಲ್ಲಿ, ಕಬ್ಬಿನ ಬಾಕಿ, ರಾಗಿ ಖರೀದಿ, ಸೊಸೈಟಿ ನೋಟೀಸು ಇವು ಯಾವುವೂ ನೆನಪಿಗೆ ಬರಲಿಲ್ಲವಲ್ಲ ಅಂತ. ಆ ಶಕ್ತಿ ಬಂದದ್ದು ನಮ್ಮ ಮನೆಗಳಿಂದ.

ಹಾಗಾದರೆ ಸ್ವಾಮಿಗಳ ಬಾಯಿ ಕಟ್ಟಿಬಿಡಿ ಅಂತ ಕೆಲವರು ಹೇಳ್ತಾರೆ. ಅಮೆರಿಕದಲ್ಲಿ 1954ರಲ್ಲೇ ಅಂಥ ಒಂದು ಕಟ್ಟಳೆ ಬಂತು. ತೆರಿಗೆ ವಿನಾಯಿತಿ ಬೇಕಾದರೆ ಚರ್ಚು ಆಗಲಿ, ಇನ್ನೊಂದು ಧರ್ಮಾರ್ಥ ಸಂಸ್ಥೆ ಆಗಲಿ ಚುನಾವಣೆಯಲ್ಲಿ ಅಭ್ಯರ್ಥಿಯ ಪರ ವಿರೋಧ ಇಳಿಯಬಾರದು ಅಂತ. ಆಮೇಲೆ ಅದನ್ನ ಗಟ್ಟಿಯಾಗಿ ಜಾರಿ ಮಾಡಿದ್ದು ಅಪರೂಪ. 2025ರ ಜುಲೈನಲ್ಲಿ ಅಲ್ಲಿನ ತೆರಿಗೆ ಇಲಾಖೆಯೇ ಕೋರ್ಟಿನ ಮುಂದೆ, ಪಾದ್ರಿ ತನ್ನ ಪ್ರಾರ್ಥನಾ ಸಭೆಯಲ್ಲಿ ತನ್ನ ಭಕ್ತರಿಗೆ ಹೇಳುವ ಮಾತಿಗೆ ಆ ಕಟ್ಟಳೆ ಅನ್ವಯಿಸೋದಿಲ್ಲ ಎಂಬ ನಿಲುವು ತೆಗೆದುಕೊಂಡಿತು. ಎಪ್ಪತ್ತು ವರ್ಷ ಪುಸ್ತಕದಲ್ಲಿ ಇದ್ದ ಕಟ್ಟಳೆಯ ಗತಿ ಇದು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ, ಅದಕ್ಕಿಂತ ಬಿಗಿಯಾದದ್ದೇ ಇದೆ. 1951ರ ಪ್ರಜಾಪ್ರತಿನಿಧಿ ಕಾಯಿದೆಯ 123ನೇ ಕಲಮಿನ ಪ್ರಕಾರ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ವೋಟು ಕೇಳೋದು ಭ್ರಷ್ಟ ಆಚರಣೆ. ವೋಟು ಹಾಕದಿದ್ದರೆ ದೇವರ ಮುನಿಸಿಗೆ ಗುರಿಯಾಗ್ತೀಯ ಅಂತ ಹೆದರಿಸೋದೂ ಭ್ರಷ್ಟ ಆಚರಣೆಯೇ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಅಭ್ಯರ್ಥಿಯ ಧರ್ಮದ ಹೆಸರು ಮಾತ್ರ ಅಲ್ಲ, ಮತದಾರನ ಧರ್ಮದ ಹೆಸರು ಹಿಡಿದು ಕೇಳಿದರೂ ತಪ್ಪೇ ಅಂದರು. ಆದರೆ ಸ್ವಾಮಿಗಳೋ ಮೌಲ್ವಿಗಳೋ ಆಡಿದ ಮಾತಿಗೆ ಅಭ್ಯರ್ಥಿಯ ಒಪ್ಪಿಗೆ ಇತ್ತು ಅಂತ ಸಾಬೀತಾಗಬೇಕು. ಮೊಕದ್ದಮೆ ಸೋರಿಹೋಗೋದು ಅಲ್ಲೇ.

ಇನ್ನೊಂದು ಕಾಯಿದೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯಿದೆ. ಧಾರ್ಮಿಕ ಸಂಸ್ಥೆಯ ಜಾಗವನ್ನಾಗಲೀ, ದುಡ್ಡನ್ನಾಗಲೀ, ಜಾತ್ರೆ ಮೆರವಣಿಗೆಯನ್ನಾಗಲೀ ರಾಜಕೀಯ ಚಟುವಟಿಕೆಗೆ ಬಳಸಬಾರದು ಅನ್ನುತ್ತೆ ಅದು. ತಪ್ಪಿದರೆ 5 ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ. ಕೇಳೋಕೆ ಚೆನ್ನಾಗಿದೆ. ಆದರೆ ರಾಜಕೀಯ ಚಟುವಟಿಕೆ ಅಂದರೆ ಏನು ಅಂತ ಆ ಕಾಯಿದೆಯಲ್ಲಿ ಓದಿದರೆ ಎದೆ ಝಲ್ಲೆನ್ನುತ್ತೆ. ಪಕ್ಷದ ಕೆಲಸ ಮಾತ್ರ ಅಲ್ಲ, ರಾಜಕೀಯ ಸ್ವರೂಪದ ಯಾವುದೇ ಪ್ರಶ್ನೆಯ ಮೇಲೆ ಸಭೆ, ಮೆರವಣಿಗೆ, ವಂತಿಗೆ ವಸೂಲಿ ಎಲ್ಲವೂ ಅದರೊಳಗೆ ಬರುತ್ತೆ. ಈಗ ಹೇಳಿ, ನಮ್ಮ ಹಳ್ಳಿಗಳಲ್ಲಿ ಬೆಂಬಲ ಬೆಲೆಯ ಸಭೆ ಎಲ್ಲಿ ಸೇರುತ್ತೆ? ಗುಡಿಯ ಜಗಲಿ ಮೇಲೆ. ಜಪ್ತಿಗೆ ಬಂದವರನ್ನ ತಡೆಯೋಕೆ ಜನ ಕೂಡಿದ್ದು ಎಲ್ಲಿ? ಮಾರಿಗುಡಿ ಮುಂದೆ. ಈ ಕಾಯಿದೆಯನ್ನ ಅಕ್ಷರಶಃ ಹಿಡಿದರೆ ಮೊದಲು ಸಿಕ್ಕಿಬೀಳೋನು ಮುಖ್ಯಮಂತ್ರಿಯ ಪಕ್ಕ ಕೂತ ದೊಡ್ಡವನಲ್ಲ, ಹಸಿರು ಟವಲ್ಲು ಹೊದ್ದ ನೀನು, ನಾನು.

ಬಾಯಿಗೆ ಬೀಗ ಬೇಡ ಅಂತ ನಾನು ಹೇಳೋದಕ್ಕೆ ಕಾರಣ ಅದು. ಇನ್ನೂ ಒಂದು ಕಾರಣ ಇದೆ. ಗದಗ ಜಿಲ್ಲೆಯ ಹಳ್ಳಿಗುಡಿಯ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ರೈತರ ಭೂಮಿ ಹಿಡಿಯೋಕೆ ಸರ್ಕಾರ ಹೊರಟಾಗ, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದೆ ನಿಂತರು. 2011ರಲ್ಲಿ ಸರ್ಕಾರ ಹಿಂದೆ ಸರಿಯಿತು. ಆ ಸ್ವಾಮಿಗಳು ಆಡಿದ್ದೂ ರಾಜಕೀಯದ ಮಾತೇ. ಬಾಯಿ ಕಟ್ಟುವ ಕಾನೂನು ಅವರ ಬಾಯನ್ನೂ ಕಟ್ಟುತ್ತಿತ್ತು. ಭೂಮಿ ಉಳಿಸಿ ಅನ್ನೋ ಮಾತು ಬೇಕು, ಇವನನ್ನ ಮಂತ್ರಿ ಮಾಡಿ ಅನ್ನೋ ಮಾತು ಬೇಡ ಅಂತ ಸೋಸುವ ಜರಡಿ ಯಾವ ಪೊಲೀಸಿನವನ ಹತ್ತಿರವೂ ಇಲ್ಲ. ಆ ಜರಡಿ ಭಕ್ತರ ಕೈಯಲ್ಲಿ ಇರಬೇಕು.

ನಿಜವಾಗಿ ನೋಡಿದರೆ ಸ್ವಾಮಿಗಳ ಬಾಯಿಗೆ ಈಗಾಗಲೇ ಒಂದು ಬೀಗ ಬಿದ್ದಿದೆ. ಅದು ಅನುದಾನದ ಬೀಗ. 2008ರಿಂದ ಈಚೆಗೆ ಬಜೆಟ್ಟಿನಲ್ಲಿ ಮಠಗಳ ಹೆಸರು ಹಿಡಿದು ಲಕ್ಷ, ಕೋಟಿ ಕೊಡುವ ರೂಢಿ ಬೆಳೆಯಿತು. ನಿಯಮ ಇದ್ದು ಕೊಟ್ಟರೆ ಅದು ಹಕ್ಕು. ಹೆಸರು ನೋಡಿ ಕೊಟ್ಟರೆ ಅದು ಋಣ. 2022ರ ಏಪ್ರಿಲಿನಲ್ಲಿ ದಿಂಗಾಲೇಶ್ವರ ಸ್ವಾಮಿಗಳು, ಮಠಗಳಿಗೆ ಬರುವ ಅನುದಾನದಲ್ಲೂ ನೂರಕ್ಕೆ 30 ಕಮಿಷನ್ ಮುರಿದುಕೊಳ್ಳುತ್ತಾರೆ ಅಂತ ಬಹಿರಂಗವಾಗಿ ಆರೋಪಿಸಿದರು. ಅದು ಆರೋಪ, ಸಾಬೀತಾದ ಮಾತು ಅಂತ ನಾನು ಹೇಳೋದಿಲ್ಲ. ಅದೇ ಸ್ವಾಮಿಗಳು 2024ರಲ್ಲಿ ಧಾರವಾಡದಿಂದ ಲೋಕಸಭೆಗೆ ನಾಮಪತ್ರ ಹಾಕಿ ವಾಪಸು ತೆಗೆದುಕೊಂಡರು. ನಾನು ಕೇಳೋದು ಇಷ್ಟೇ. ಕೊಡುವ ಕೈ ಮಂತ್ರಿಯದ್ದಾದಾಗ, ಅದೇ ಮಂತ್ರಿಯ ಎದುರಿಗೆ ರೈತನ ಸಾಲದ ಮಾತು ಗಟ್ಟಿಯಾಗಿ ಬರುತ್ತಾ? ಲೆಕ್ಕ ತೆರೆದಿಟ್ಟರೆ, ಅನುದಾನಕ್ಕೆ ನಿಯಮ ಇಟ್ಟರೆ, ಸ್ವಾಮಿಗಳ ಬಾಯಿಯ ಬೀಗ ತಾನೇ ಕಳಚುತ್ತೆ. ಲೆಕ್ಕ ಕೇಳೋದು ಗುರುದ್ರೋಹ ಅಲ್ಲ, ಗುರುವನ್ನ ಬಿಡಿಸಿಕೊಳ್ಳುವ ದಾರಿ.

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಮಾತು ಇಡ್ತೀನಿ. ಒಪ್ಪಿಗೆಯಾದರೆ ನಿಮ್ಮ ನಿಮ್ಮ ಊರಿನಲ್ಲಿ ನಿರ್ಣಯ ಮಾಡಿ.

ಒಂದನೆಯದು, ತೆರಿಗೆ ವಿನಾಯಿತಿ ಪಡೆದ ಪ್ರತಿಯೊಂದು ಧಾರ್ಮಿಕ ಸಂಸ್ಥೆ, ಮಠ ಆಗಲಿ, ಮಸೀದಿ ಆಗಲಿ, ಇಗರ್ಜಿ ಆಗಲಿ, ವರ್ಷದ ಜಮಾ ಖರ್ಚನ್ನ ಕನ್ನಡದಲ್ಲಿ ಬರೆದು ತನ್ನ ಬಾಗಿಲಿನಲ್ಲೇ ಹಚ್ಚಬೇಕು. ಇದು ಕಾನೂನಾಗಬೇಕು, ಎಲ್ಲರಿಗೂ ಒಂದೇ ಥರ ಆಗಬೇಕು. ಒಬ್ಬರ ಲೆಕ್ಕ ಕೇಳಿ ಇನ್ನೊಬ್ಬರದನ್ನ ಬಿಟ್ಟರೆ ಅದು ಲೆಕ್ಕ ಅಲ್ಲ, ದ್ವೇಷ.

ಎರಡನೆಯದು, ಸರ್ಕಾರದ ಅನುದಾನ ಕೆಲಸಕ್ಕೆ ಸಿಗಬೇಕು, ಹೆಸರಿಗಲ್ಲ. ಉಚಿತ ಹಾಸ್ಟೆಲಿನಲ್ಲಿ ಮಗುವಿಗೆ ಇಷ್ಟು, ದಾಸೋಹಕ್ಕೆ ಇಷ್ಟು ಅಂತ ನಿಯಮ ಇರಲಿ. ಸಣ್ಣ ಮಠಕ್ಕೂ ಅದೇ, ದೊಡ್ಡ ಮಠಕ್ಕೂ ಅದೇ.

ಮೂರನೆಯದು, ಸ್ವಾಮಿಗಳು ಏನು ಬೇಕಾದರೂ ಮಾತಾಡಲಿ, ಈ ದೇಶದ ಪ್ರಜೆಯಾಗಿ ಅವರಿಗೆ ಆ ಹಕ್ಕು ಇದೆ. ಆದರೆ ಚುನಾವಣೆಯ ಅಭ್ಯರ್ಥಿಗೆ ಭಕ್ತರ ದುಡ್ಡಿನ ಭವನ, ಭಕ್ತರ ದುಡ್ಡಿನ ವಾಹನ, ಭಕ್ತರ ದುಡ್ಡಿನ ಊಟ ಬೇಡ. 1988ರ ಕಾಯಿದೆಯಲ್ಲಿ ದುಡ್ಡಿಗೆ, ಅಭ್ಯರ್ಥಿಯ ಪ್ರಚಾರಕ್ಕೆ ಸಂಬಂಧಪಟ್ಟ ಭಾಗ ಇರಲಿ. ಜನರ ಪ್ರಶ್ನೆಗೆ ಸೇರುವ ಸಭೆಯನ್ನೂ ಅಪರಾಧ ಮಾಡುವ ಭಾಗ ಹೋಗಲಿ.

ನಾಲ್ಕನೆಯದು ಸರ್ಕಾರಕ್ಕಲ್ಲ, ನಮಗೆ. ಸಾಲ ಮಾಡಿ ಕಾಣಿಕೆ ಕೊಡೋದಿಲ್ಲ ಅಂತ ತೀರ್ಮಾನ ಮಾಡೋಣ. ಊರ ಮುಂದೆ ಹೆಸರು ಕೂಗುವ ಪಟ್ಟಿ ನಿಲ್ಲಲಿ. ಇದ್ದವನು ಇದ್ದಷ್ಟು ಕೊಡಲಿ, ಇಲ್ಲದವನು ಕೈ ಮುಗಿಯಲಿ. ಕೊಟ್ಟದ್ದಕ್ಕೆ ರಸೀತಿ ಕೇಳಲಿ. ಆಶೀರ್ವಚನದಲ್ಲಿ ವೋಟಿನ ಮಾತು ಬಂದರೆ ಕೈ ಮುಗಿದು ಎದ್ದು, "ಬುದ್ಧೀ, ಇವರು ಗೆದ್ದರೆ ನಮ್ಮ ಭತ್ತಕ್ಕೆ ಏನು ಬೆಲೆ, ಸೊಸೈಟಿ ಸಾಲಕ್ಕೆ ಏನು ಗತಿ, ಅದನ್ನೂ ಇವರ ಕೈಲಿ ಹೇಳಿಸಿ" ಅಂತ ಕೇಳೋಣ. ಬೈಗುಳ ಬೇಡ, ಧಿಕ್ಕಾರ ಬೇಡ. ಈ ಒಂದು ಪ್ರಶ್ನೆ ಸಾಕು.

ಕಡೆಯದಾಗಿ ಒಂದು ಮಾತು ಹೇಳಿ ಮುಗಿಸ್ತೀನಿ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ ನಡೆಯಿತು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆ ನೀವೆಲ್ಲ ಕೇಳಿದ್ದೀರಿ. ಭಂಡಾರದ ದುಡ್ಡನ್ನ ಜಂಗಮರಿಗೆ ಸುರಿಯುತ್ತಿದ್ದಾನೆ ಅಂತ ಯಾರೋ ಚಾಡಿ ಹೇಳಿದರು. ಬಿಜ್ಜಳ ಲೆಕ್ಕ ಕೇಳಿದ. ಬಸವಣ್ಣನವರು "ನನ್ನನ್ನೇ ಕೇಳ್ತೀಯಾ?" ಅನ್ನಲಿಲ್ಲ. ಭಂಡಾರದ ಬಾಗಿಲು ತೆಗೆಸಿ ಎಣಿಸಿ ತೋರಿಸಿದರು. ಒಂದು ಹೊನ್ನೂ ಕಡಿಮೆ ಬೀಳಲಿಲ್ಲ. ಕೇಳಿದವನು ದೊರೆ ಇರಬಹುದು, ಆದರೆ ಕಥೆ ಹೇಳಿದ ಅಜ್ಜಿ ಹೊಗಳುತ್ತಿದ್ದದ್ದು ತೋರಿಸಿದವರನ್ನ.

ನನ್ನ ಅಮ್ಮನ ಓಲೆ ಈಗ ಮನೆಯಲ್ಲೇ ಇದೆ. ಆ ಭವನವೂ ಇದೆ, ಮದುವೆಗಳಾಗುತ್ತವೆ, ಒಳ್ಳೆಯದೇ. ಆ ದಿನ ನನ್ನನ್ನ ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಕೂರ್ತೀನಿ. ಹೌದಣ್ಣಾ, ಗುರುಗಳ ಹತ್ರ ಲೆಕ್ಕ ಕೇಳ್ತೀನಿ. ಗುರುಗಳ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಆ ದುಡ್ಡಿನಲ್ಲಿ ನಮ್ಮಮ್ಮನ ಓಲೆ ಇತ್ತು, ಅದಕ್ಕೆ.